ಒಂದೇ ಮಾಳ, ಹಲವು ಅಂಗಡಿ

ಕೊಡಗಿನ ಉತ್ತರದಲ್ಲಿ, ಹಾಸನ ಜಿಲ್ಲೆಯ ಗಡಿಗೆ ಸಮೀಪದಲ್ಲಿ, ಶನಿವಾರಸಂತೆ ಎಂಬ ಊರುಂಟು. ಹೆಸರೇ ಅದರ ಚರಿತ್ರೆ. ಸಂತೆಯ ಮಾಳ ಒಂದೇ. ಬಟ್ಟೆಯವನು, ಮೆಣಸಿನವನು, ಮಡಕೆಯವನು ಬೇರೆ ಬೇರೆ. ಬಂದವನು ಯಾರ ಅಂಗಡಿಯೆಂದು ಕೇಳಿಕೊಂಡು ಹೋಗುತ್ತಾನೆ. ಅಂಗಡಿಗೊಂದು ಮಾಳ ಬೇಕೆಂದು ಹಟ ಹಿಡಿದಿದ್ದರೆ ಬಡ ವ್ಯಾಪಾರಿಯ ಗತಿಯೇನಾಗುತ್ತಿತ್ತು?

ಅಂತರಜಾಲಕ್ಕೆ ಈ ವಿವೇಕ ಬರಲು ಕೆಲವು ವರ್ಷಗಳೇ ಹಿಡಿದವೆಂದರೆ ಓದುಗರಿಗೆ ಆಶ್ಚರ್ಯವಾದೀತು.

ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್‌-ಲೀ ಕಟ್ಟಿದ ವಿಶ್ವವ್ಯಾಪಿ ಜಾಲವು 1991ರಲ್ಲಿ ಹೊರಜಗತ್ತಿಗೆ ಪರಿಚಯವಾಯಿತು. ತಾಣದ ಪುಟಗಳನ್ನು ಇಟ್ಟುಕೊಂಡು ಕೇಳಿದವರಿಗೆ ಕೊಡುವ ಯಂತ್ರಕ್ಕೆ ಸರ್ವರ್ ಎಂದು ಹೆಸರು. ನಾವು ತಾಣದ ಹೆಸರನ್ನು ಬರೆದೊಡನೆ ಅದು ಒಂದು ಅಂಕೆಯ ವಿಳಾಸವಾಗಿ ಮಾರ್ಪಡುತ್ತದೆ. ಆ ವಿಳಾಸ ಹಿಡಿದು ಕೋರಿಕೆಯು ಸರ್ವರನ್ನು ಸೇರುತ್ತದೆ. ಮೊದಲಿನ ಪದ್ಧತಿಯಲ್ಲಿ ಕೋರಿಕೆಯು 'ಇಂಥ ಪುಟ ಕೊಡು' ಎನ್ನುತ್ತಿತ್ತೇ ಹೊರತು, ಯಾವ ತಾಣದ್ದೆಂದು ಹೇಳುತ್ತಿರಲಿಲ್ಲ. ಆದುದರಿಂದ ತಾಣಕ್ಕೊಂದು ಪ್ರತ್ಯೇಕ ವಿಳಾಸ ಬೇಕಾಗುತ್ತಿತ್ತು. ವಿಳಾಸಗಳಾದರೋ ಒಟ್ಟು ಸುಮಾರು 429 ಕೋಟಿ ಮಾತ್ರ. ಅವುಗಳ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲಿ ಬರಿದಾಯಿತು.

ಪರಿಹಾರ ಬಂದುದು ಒಂದೇ ಒಂದು ಸಾಲಿನಿಂದ. 1997ರ ಜನವರಿಯಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ನಿಯಮಾವಳಿಯು, ಪ್ರತಿ ಕೋರಿಕೆಯಲ್ಲೂ 'ಹೋಸ್ಟ್' ಎಂಬ ಸಾಲಿರಬೇಕು, ಅದರಲ್ಲಿ ತಾಣದ ಹೆಸರಿರಬೇಕು ಎಂದು ವಿಧಿಸಿತು. ಸರ್ವರ್ ಆ ಹೆಸರನ್ನೋದಿ, ಆಯಾ ತಾಣದ ಕಡತದಿಂದ ಪುಟ ತೆಗೆದುಕೊಡುತ್ತದೆ. ಹೀಗೆ ಒಂದೇ ಯಂತ್ರ, ಒಂದೇ ವಿಳಾಸದಲ್ಲಿ ನೂರಾರು ತಾಣಗಳು ನೆಲೆಸಿದವು. ಗುಪ್ತಲಿಪಿಯ ಸಂಪರ್ಕದಲ್ಲಿ ಮಾತ್ರ ತೊಡಕು ಉಳಿಯಿತು. ಅಲ್ಲಿ ಹೆಸರು ಕೇಳುವ ಮುನ್ನವೇ ಸರ್ವರ್ ತನ್ನ ಗುರುತಿನ ಪತ್ರ ತೋರಿಸಬೇಕಾಗಿತ್ತು. ಮೊದಲ ಮಾತಿನಲ್ಲೇ ಹೆಸರು ಹೇಳುವ ಏರ್ಪಾಟು 2003ರಲ್ಲಿ ಬಂದಿತು.

ಇಂದು ಕೊಡಗು ಜಿಲ್ಲಾಡಳಿತದ ತಾಣವೂ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ದೇಶದ ಹಲವಾರು ಜಿಲ್ಲೆಗಳಿಗಾಗಿ ರಚಿಸಿದ ಸಾಮಾನ್ಯ ವ್ಯವಸ್ಥೆಯಲ್ಲಿಯೇ ಇದೆ. ಅದರ ಹಿಂದೆ ಇರುವುದು ಒಂದೇ ಯಂತ್ರವಲ್ಲ. ಆದರೂ ನೆಲ ಹಂಚಿಕೊಂಡು ಹೆಸರು ಉಳಿಸಿಕೊಳ್ಳುವ ತತ್ತ್ವ ಅದೇ. ಸ್ವಂತ ಯಂತ್ರ ಕೊಳ್ಳಲಾರದ ಹಳ್ಳಿಯ ಶಾಲೆ, ಸಹಕಾರ ಸಂಘ, ಸಣ್ಣ ಪತ್ರಿಕೆಗಳು ಅಲ್ಪ ಬಾಡಿಗೆಗೆ ಜಗತ್ತಿನ ಮುಂದೆ ನಿಲ್ಲಬಲ್ಲವಾದರೆ, ಅದು ಈ ಹಂಚಿಕೆಯ ಫಲ.

ಆದರೆ ಒಂದು ಎಚ್ಚರ. ಮಾಳಕ್ಕೆ ನೀರು ನುಗ್ಗಿದರೆ ಎಲ್ಲರ ಸರಕೂ ನೆನೆಯುತ್ತದೆ. ಯಂತ್ರ ಕೆಟ್ಟರೆ ಎಲ್ಲ ತಾಣಗಳೂ ಒಟ್ಟಿಗೆ ಮುಚ್ಚುತ್ತವೆ. ಜಾಣ ವ್ಯಾಪಾರಿ ಸರಕೆಲ್ಲವನ್ನೂ ಸಂತೆಗೆ ಹೊರುವುದಿಲ್ಲ. ಮನೆಯಲ್ಲೂ ಒಂದಿಷ್ಟು ಇಟ್ಟಿರುತ್ತಾನೆ. ತಾಣವುಳ್ಳವರೂ ತಮ್ಮ ಬರಹಗಳ ಒಂದು ಪ್ರತಿಯನ್ನು ತಮ್ಮ ಬಳಿಯೇ ಇಟ್ಟುಕೊಳ್ಳುವುದು ಲೇಸು.