ಚಪ್ಪಾಳೆ ತಟ್ಟುವವರಿಗೆ ಕಾಣುವುದೆಷ್ಟು?

ಕ್ರಿಕೆಟ್ ನೋಡಲು ಹೋದವರ ಕಣ್ಣಿಗೆ ಒಂದು ಚೆಂಡು ಸಾಕು. ಅದು ಹೋದತ್ತ ಮೈದಾನದಲ್ಲಿ ಕುಳಿತ ಎಲ್ಲರ ಕತ್ತೂ ತಿರುಗುತ್ತದೆ. ಕಬಡ್ಡಿಯಲ್ಲಾದರೆ ಎದುರಾಳಿಯ ಅಂಕಣಕ್ಕೆ ನುಗ್ಗಿದ ಒಬ್ಬನ ಮೇಲೆ ಕಣ್ಣಿಟ್ಟರಾಯಿತು. ಮಹಿಳೆಯರ ಜಿಮ್ನಾಸ್ಟಿಕ್ಸ್ ಚಾಂಪಿಯನ್‌ಷಿಪ್ ನೋಡಲು ಹೋದವರಿಗೆ ಮಾತ್ರ ಈ ಅನುಕೂಲವಿಲ್ಲ. ಅಲ್ಲಿ ನಾಲ್ಕು ಕಡೆ ಏಕಕಾಲಕ್ಕೆ ಸ್ಪರ್ಧೆ ನಡೆಯುತ್ತಿರುತ್ತದೆ. ಒಂದು ಕಡೆ ಹುಡುಗಿಯೊಬ್ಬಳು ವಾಲ್ಟ್‌ಗಾಗಿ ಓಡಿ ಬರುತ್ತಿರುತ್ತಾಳೆ. ಇನ್ನೊಂದು ಕಡೆ ಮತ್ತೊಬ್ಬಳು ಎತ್ತರದ ಕಂಬಿಯಿಂದ ತಗ್ಗಿನ ಕಂಬಿಗೆ ಹಾರುತ್ತಿರುತ್ತಾಳೆ. 12 ಮೀಟರ್ ಉದ್ದಗಲದ ಹಾಸಿನ ಮೇಲೆ ಮೂರನೆಯವಳು ಸಂಗೀತಕ್ಕೆ ತಕ್ಕಂತೆ ಲಾಗ ಹಾಕುತ್ತಿರುತ್ತಾಳೆ. ನಾಲ್ಕನೆಯವಳು ಬೀಮ್ ಮೇಲೆ ನಿಂತಿರುತ್ತಾಳೆ. ಆ ಬೀಮ್‌ನ ಅಗಲ ಕೇವಲ 10 ಸೆಂಟಿಮೀಟರ್, ಉದ್ದ 5 ಮೀಟರ್, ಎತ್ತರ 1.25 ಮೀಟರ್. ಅವಳ ಕಿವಿಗೆ ಬೀಳುವ ಸಂಗೀತ ಅವಳದಲ್ಲ, ಪಕ್ಕದ ಹಾಸಿನ ಮೇಲಿರುವವಳದು. ಆ ಗದ್ದಲದ ನಡುವೆಯೇ ಅವಳು ಉಸಿರು ಬಿಗಿಹಿಡಿದು ಹಿಂದಕ್ಕೆ ಪಲ್ಟಿ ಹೊಡೆಯಬೇಕು.

ದೂರದರ್ಶನದಲ್ಲಿ ಇದು ಗೊತ್ತಾಗುವುದಿಲ್ಲ. ಅಲ್ಲಿ ಕ್ಯಾಮೆರಾ ಹೆಸರಾಂತ ಒಬ್ಬಳನ್ನು ಆರಿಸಿ ತೋರಿಸುತ್ತದೆ. ಕ್ರೀಡಾಂಗಣದಲ್ಲಿ ಕುಳಿತ ಅಭಿಮಾನಿ ಏನನ್ನು ನೋಡಬೇಕು, ಏನನ್ನು ಬಿಡಬೇಕು ಎಂಬುದನ್ನು ತಾನೇ ತೀರ್ಮಾನಿಸಬೇಕು. ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಈ ಪರೀಕ್ಷೆ ಒಂದಲ್ಲ, ಎರಡು ದಿನ. ಹಿರಿಯರ ವಿಭಾಗದಲ್ಲಿ ಸರ್ವಾಂಗೀಣ ಪಟ್ಟಕ್ಕೆ ಸೆಣಸುವವರು ಎರಡೂ ದಿನ ನಾಲ್ಕೂ ಉಪಕರಣಗಳ ಮೇಲೆ ಇಳಿದು, ಎರಡೂ ದಿನಗಳ ಅಂಕಗಳ ಮೊತ್ತದಿಂದ ಚಾಂಪಿಯನ್ ಯಾರೆಂಬುದು ನಿರ್ಧಾರವಾಗುತ್ತದೆ. ಮೊದಲ ದಿನ ಬಿದ್ದವಳಿಗೆ ಎರಡನೆಯ ದಿನ ಉಂಟು. ಮೊದಲ ದಿನ ಗೆದ್ದವಳಿಗೆ ರಾತ್ರಿಯ ನಿದ್ದೆ ಇಲ್ಲ.

ಇಷ್ಟು ಕಷ್ಟಪಟ್ಟು ನೋಡುವ ಪ್ರೇಕ್ಷಕರಿಗೆ ನಿಜವಾಗಿ ಕಂಡದ್ದೆಷ್ಟು? ಈ ಕ್ರೀಡೆಯ ಕಳೆದ ಅರ್ಧ ಶತಮಾನದ ಇತಿಹಾಸವನ್ನು ಗಮನಿಸಿದವರಿಗೆ ಈ ಪ್ರಶ್ನೆ ಸಣ್ಣದೆನಿಸುವುದಿಲ್ಲ.

ಹತ್ತರ ಮೋಡಿ

ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಜಿಮ್ನಾಸ್ಟಿಕ್ಸ್ ಮೊದಲು ಕಾಣಿಸಿಕೊಂಡಿದ್ದು 1928ರಲ್ಲಿ, ಆಮ್‌ಸ್ಟರ್‌ಡ್ಯಾಂನಲ್ಲಿ. ಆಗ ಇದ್ದುದು ತಂಡ ಸ್ಪರ್ಧೆ ಮಾತ್ರ. ವೈಯಕ್ತಿಕ ಪದಕಗಳು ಬಂದದ್ದು 1952ರ ಹೆಲ್ಸಿಂಕಿ ಕೂಟದಲ್ಲಿ. ಆದರೂ ಜಗತ್ತಿನ ಸಾಮಾನ್ಯ ಜನ ಇದನ್ನು ಮುಗಿಬಿದ್ದು ನೋಡತೊಡಗಿದ್ದು 1972ರ ಮ್ಯೂನಿಚ್ ಒಲಿಂಪಿಕ್ಸ್‌ನಿಂದ. ಅಲ್ಲಿ ಸೋವಿಯತ್ ತಂಡದ 17ರ ಹರೆಯದ ಓಲ್ಗಾ ಕೊರ್ಬುಟ್ ಕಂಬಿಯಿಂದ ಕಂಬಿಗೆ ಹಾರಿದ ಪರಿ, ಎಡವಿದಾಗ ಅತ್ತ ಅಳು, ಗೆದ್ದಾಗ ನಕ್ಕ ನಗು ಟಿ.ವಿ. ಮೂಲಕ ಮನೆಮನೆ ತಲುಪಿದವು. ಸರ್ವಾಂಗೀಣ ಚಿನ್ನ ಗೆದ್ದವರು ಅದೇ ತಂಡದ ಲ್ಯುಡ್ಮಿಲಾ ತುರಿಶ್ಚೇವಾ. ಜನ ಮೆಚ್ಚಿದ್ದು ಕೊರ್ಬುಟ್‌ರನ್ನು. ಕಂಬಿಗಳ ಫೈನಲ್‌ನಲ್ಲಿ ತೀರ್ಪುಗಾರರು ಅವರಿಗೆ 9.8 ಅಂಕ ಕೊಟ್ಟಾಗ ಪ್ರೇಕ್ಷಕರು ಕೂಗಾಡಿ ಪ್ರತಿಭಟಿಸಿದರು. ತೀರ್ಪುಗಾರರ ಕಣ್ಣಿಗಿಂತ ತಮ್ಮ ಕಣ್ಣೇ ಸರಿ ಎಂದು ಪ್ರೇಕ್ಷಕರು ಹೀಗೆ ಪಟ್ಟು ಹಿಡಿಯಲು ಒಂದು ಕಾರಣವಿತ್ತು. ಹತ್ತಕ್ಕೆ ಎಷ್ಟು ಎಂಬ ಲೆಕ್ಕ ಎಲ್ಲರಿಗೂ ತಿಳಿಯುವಂಥದ್ದು.

ನಾಲ್ಕು ವರ್ಷಗಳ ನಂತರ, 1976ರ ಜುಲೈ 18ರಂದು, ಮಾಂಟ್ರಿಯಲ್‌ನಲ್ಲಿ ರುಮೇನಿಯಾದ 14 ವರ್ಷದ ನಾದಿಯಾ ಕೊಮನೆಚಿ ಕಂಬಿಗಳಿಂದ ಇಳಿದಾಗ ಸ್ಕೋರ್‌ಬೋರ್ಡ್‌ನಲ್ಲಿ 1.00 ಎಂದು ಮೂಡಿತು. ಜನ ಒಂದು ಕ್ಷಣ ಕಕ್ಕಾಬಿಕ್ಕಿ. ಹತ್ತಕ್ಕೆ ಹತ್ತು ಯಾರಿಗೂ ಸಿಗದು ಎಂಬ ನಂಬಿಕೆಯಿಂದ ಆ ಬೋರ್ಡಿನಲ್ಲಿ 10.00 ತೋರಿಸುವ ಏರ್ಪಾಡೇ ಇರಲಿಲ್ಲ. ಆ ಕೂಟದಲ್ಲಿ ನಾದಿಯಾ ಏಳು ಬಾರಿ ಹತ್ತು ಗಳಿಸಿದರು. ಜಿಮ್ನಾಸ್ಟಿಕ್ಸ್‌ನ ಗಂಧಗಾಳಿ ಇಲ್ಲದವರಿಗೂ ಆ ಅಂಕ ಅರ್ಥವಾಯಿತು. ಶಾಲೆಯಲ್ಲಿ ಹತ್ತಕ್ಕೆ ಹತ್ತು ತೆಗೆದ ಮಗುವಿನ ಸಂತೋಷ ಯಾರಿಗೆ ತಿಳಿಯದು?

ಆದರೆ ತುತ್ತತುದಿ ಮುಟ್ಟಿದ ಮೇಲೆ ಮುಂದೇನು? ಎಂಬತ್ತರ ದಶಕದಲ್ಲಿ ಹತ್ತುಗಳು ಸಾಲುಸಾಲಾಗಿ ಬಂದವು. 1988ರ ಸೋಲ್ ಕೂಟದಲ್ಲಿ ರುಮೇನಿಯಾದ ಡ್ಯಾನಿಯೆಲಾ ಸಿಲಿವಾಶ್ ಒಬ್ಬರೇ ಏಳು ಹತ್ತುಗಳನ್ನು ಬಾಚಿಕೊಂಡರು. ನಿಯಮ ಬಿಗಿಯಾಯಿತು. 1992ರ ಬಾರ್ಸಿಲೋನಾದ ನಂತರ ಒಲಿಂಪಿಕ್ಸ್‌ನಲ್ಲಿ ಹತ್ತು ಯಾರಿಗೂ ಸಿಗಲಿಲ್ಲ. 2004ರ ಅಥೆನ್ಸ್‌ನಲ್ಲಿ ಪುರುಷರ ಸ್ಪರ್ಧೆಯ ಅಂಕಗಳ ಬಗ್ಗೆ ದೊಡ್ಡ ರಾದ್ಧಾಂತವೇ ನಡೆಯಿತು. ದಕ್ಷಿಣ ಕೊರಿಯಾದ ಯಾಂಗ್ ಟೇ-ಯಂಗ್ ಅವರ ಪ್ರದರ್ಶನದ ಆರಂಭಿಕ ಮೌಲ್ಯವನ್ನೇ ತೀರ್ಪುಗಾರರು ತಪ್ಪಾಗಿ ಎಣಿಸಿದ್ದರು. ಆ ವಿವಾದದ ಬೆನ್ನಲ್ಲೇ, 2006ರಲ್ಲಿ, ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಫೆಡರೇಷನ್ ಹತ್ತರ ಮಿತಿಯನ್ನೇ ಕಿತ್ತುಹಾಕಿತು.

ಎರಡು ಅಂಕಗಳ ಲೆಕ್ಕ

ಅಂದಿನಿಂದ ಪ್ರತಿ ಪ್ರದರ್ಶನಕ್ಕೂ ಎರಡು ಅಂಕ. ಒಂದು, ಮಾಡಿದ್ದು ಎಷ್ಟು ಕಠಿಣ ಎಂಬುದಕ್ಕೆ. ಇನ್ನೊಂದು, ಎಷ್ಟು ಅಚ್ಚುಕಟ್ಟಾಗಿ ಮಾಡಿದರು ಎಂಬುದಕ್ಕೆ. ಕಠಿಣತೆಯ ಅಂಕಕ್ಕೆ ಮೇಲ್ಮಿತಿ ಇಲ್ಲ. ಅಚ್ಚುಕಟ್ಟುತನದ ಅಂಕ ಹತ್ತರಿಂದ ಶುರುವಾಗಿ ಕೆಳಗಿಳಿಯುತ್ತದೆ. ಮೊಣಕಾಲು ತುಸು ಬಾಗಿದರೆ 0.1 ಕಡಿತ, ನೆಲ ಮುಟ್ಟಿದಾಗ ದೊಡ್ಡ ಹೆಜ್ಜೆ ಇಟ್ಟರೆ 0.3, ಬಿದ್ದರೆ ಪೂರ್ತಿ ಒಂದು ಅಂಕ.

ನಮ್ಮವರೇ ಆದ ದೀಪಾ ಕರ್ಮಾಕರ್ ಅವರ ಉದಾಹರಣೆ ನೋಡಿದರೆ ಇದು ಸುಲಭವಾಗಿ ತಿಳಿಯುತ್ತದೆ. 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್ ಫೈನಲ್‌ನಲ್ಲಿ ತ್ರಿಪುರದ ಈ ಹುಡುಗಿ ‘ಪ್ರೊಡುನೋವಾ’ ಎಂಬ ಅಪಾಯಕಾರಿ ಜಿಗಿತಕ್ಕೆ ಕೈಹಾಕಿದರು. ಅದರ ಕಠಿಣತೆಗೆ 7.0, ಅಚ್ಚುಕಟ್ಟುತನಕ್ಕೆ 8.266, ಒಟ್ಟು 15.266. ಎರಡು ಜಿಗಿತಗಳ ಸರಾಸರಿ 15.066. ಕಂಚು ಗೆದ್ದ ಸ್ವಿಟ್ಜರ್ಲೆಂಡ್‌ನ ಜೂಲಿಯಾ ಸ್ಟೈನ್‌ಗ್ರೂಬರ್ ಅವರದು 15.216. ದೀಪಾ ನಾಲ್ಕನೆಯವರಾದರು. ಆ ರಾತ್ರಿ ಎಚ್ಚರವಾಗಿ ಕುಳಿತು ನೋಡಿದ ಭಾರತೀಯರ ಪೈಕಿ 15.066 ಎಂದರೆ ಏನೆಂದು ಬಲ್ಲವರು ಹೆಚ್ಚಿರಲಿಲ್ಲ. 0.15 ಅಂಕದಲ್ಲಿ ಪದಕ ತಪ್ಪಿತೆಂಬ ಸಂಕಟ ಮಾತ್ರ ಎಲ್ಲರಿಗೂ ಆಯಿತು.

ಹೊಸ ಪದ್ಧತಿಯಿಂದ ಅಭಿಮಾನಿಗಳಲ್ಲಿ ಎರಡು ಪಂಗಡಗಳಾದವು. ಅಂಕದ ತಲೆಬುಡ ತಿಳಿಯದೆ ದೂರವಾದವರು ಕೆಲವರು. ಹಟ ಹಿಡಿದು ನಿಯಮ ಕಲಿತವರು ಇನ್ನು ಕೆಲವರು. ಎರಡನೆಯವರು ಇಂದು ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಬಂದರೆ ಯಾರು ಯಾವ ತಿರುವನ್ನು ಕೈಬಿಟ್ಟರು, ಅದರಿಂದ ಎಷ್ಟು ಹೋಯಿತು ಎಂದು ಕುಳಿತಲ್ಲೇ ಲೆಕ್ಕ ಹಾಕಬಲ್ಲರು. ಅಮೆರಿಕದ ಕಾಲೇಜು ಸ್ಪರ್ಧೆಗಳು ಮಾತ್ರ ಹಳೆಯ ಹತ್ತನ್ನು ಉಳಿಸಿಕೊಂಡಿವೆ. 2019ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕಾಲೇಜು ವಿದ್ಯಾರ್ಥಿನಿ ಕೇಟ್ಲಿನ್ ಒಹಾಶಿ ನಗುನಗುತ್ತ ಕುಣಿದು ಹತ್ತು ಗಳಿಸಿದ ದೃಶ್ಯವನ್ನು ಜಗತ್ತಿನಾದ್ಯಂತ ಕೋಟ್ಯಂತರ ಜನ ಇಂಟರ್‌ನೆಟ್‌ನಲ್ಲಿ ನೋಡಿದರು. ಅರ್ಥವಾಗುವ ಅಂಕದ ಮೋಡಿ ಇನ್ನೂ ಹಾಗೆಯೇ ಇದೆ.

ಬೋರ್ಡಿನಲ್ಲಿ ಬಾರದ ಲೆಕ್ಕ

ಹತ್ತರ ಲೆಕ್ಕವಿರಲಿ, ಎರಡು ಅಂಕಗಳ ಲೆಕ್ಕವಿರಲಿ, ಸ್ಕೋರ್‌ಬೋರ್ಡ್‌ನಲ್ಲಿ ಎಂದೂ ಮೂಡದ ಸಂಗತಿಗಳು ಬೇರೆಯೇ ಇದ್ದವು.

ಕ್ರಿಸ್ಟಿ ಹೆನ್ರಿಚ್ ಎಂಬ ಅಮೆರಿಕದ ಜಿಮ್ನಾಸ್ಟ್ 1988ರ ಒಲಿಂಪಿಕ್ ತಂಡದಲ್ಲಿ ಸ್ಥಾನ ಕಳೆದುಕೊಂಡದ್ದು 0.118 ಅಂಕದಿಂದ. ಅಭಿಮಾನಿಗಳಿಗೆ ಕಂಡದ್ದು ಅಷ್ಟು. ತೆಳ್ಳಗಾಗಬೇಕೆಂಬ ಗೀಳಿನಿಂದ ಆಕೆ ಊಟ ಬಿಡುತ್ತ ಹೋದದ್ದು ಕಾಣಲಿಲ್ಲ. ಅದೇ ಕಾಯಿಲೆಯಾಗಿ, 1994ರ ಜುಲೈನಲ್ಲಿ ಅವರು ತೀರಿಕೊಂಡಾಗ ವಯಸ್ಸು 22.

ಮರುವರ್ಷವೇ, 1995ರಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಹಿರಿಯರ ವಿಭಾಗದಲ್ಲಿ 13 ವರ್ಷದ ಡಾಮಿನಿಕ್ ಮೊಚಿಯಾನು ಚಾಂಪಿಯನ್ ಆದರು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಆ ಪಟ್ಟ ಯಾರಿಗೂ ಸಿಕ್ಕಿರಲಿಲ್ಲ. ನೋಡಿದವರೆಲ್ಲ ಮಾರುಹೋದರು. ಮೂರು ವರ್ಷಗಳ ನಂತರ ಅದೇ ಹುಡುಗಿ ತಂದೆತಾಯಿಯ ಹಿಡಿತದಿಂದ ತನ್ನನ್ನು ಬಿಡಿಸಬೇಕೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ತರಬೇತಿಯ ಹೆಸರಿನಲ್ಲಿ ತಾವು ಉಂಡ ಕಷ್ಟಗಳನ್ನು ಮುಂದೆ ಬಹಿರಂಗವಾಗಿ ಹೇಳಿಕೊಂಡರು.

1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಒಂದು ದೃಶ್ಯವನ್ನು ನಮ್ಮಲ್ಲೂ ಅನೇಕರು ಟಿ.ವಿ.ಯಲ್ಲಿ ನೋಡಿರಬಹುದು. ಮೊದಲ ವಾಲ್ಟ್‌ನಲ್ಲಿ ಬಿದ್ದು ಪಾದದ ಗಂಟಿಗೆ ಪೆಟ್ಟು ಮಾಡಿಕೊಂಡ ಕೆರಿ ಸ್ಟ್ರಗ್, ಕುಂಟುತ್ತಲೇ ಹೋಗಿ ಎರಡನೆಯ ವಾಲ್ಟ್ ಮಾಡಿದರು. ನೆಲಕ್ಕಿಳಿದು, ಒಂಟಿ ಕಾಲಿನಲ್ಲಿ ತೀರ್ಪುಗಾರರಿಗೆ ವಂದಿಸಿ, ಕುಸಿದರು. ಅಂಕ 9.712. ಅಮೆರಿಕ ತಂಡಕ್ಕೆ ಚಿನ್ನ. ಕ್ರೀಡಾಂಗಣದಲ್ಲಿದ್ದ 30 ಸಾವಿರಕ್ಕೂ ಹೆಚ್ಚು ಜನರ ಹರ್ಷೋದ್ಗಾರ ಮುಗಿಲು ಮುಟ್ಟಿತು. ಆಮೇಲೆ ಲೆಕ್ಕ ಹಾಕಿದಾಗ ತಿಳಿಯಿತು: ಆ ಎರಡನೆಯ ವಾಲ್ಟ್ ಇಲ್ಲದಿದ್ದರೂ ಚಿನ್ನ ಅಮೆರಿಕಕ್ಕೇ ಸಿಗುತ್ತಿತ್ತು.

ಆ ದಿನ ಸ್ಟ್ರಗ್ ಅವರನ್ನು ಉಪಚರಿಸಲು ಬಂದ ವೈದ್ಯಕೀಯ ಸಿಬ್ಬಂದಿಯಲ್ಲಿ ಲ್ಯಾರಿ ನಾಸರ್ ಎಂಬಾತನೂ ಇದ್ದ. ಅಂದಿನ ಚಿತ್ರಗಳಲ್ಲಿ ಆತನ ಮುಖ ಕಾಣುತ್ತದೆ. ಮುಂದೆ ಹಲವು ವರ್ಷ ರಾಷ್ಟ್ರೀಯ ತಂಡದ ವೈದ್ಯನಾಗಿದ್ದ ಆತ, ಚಿಕಿತ್ಸೆಯ ನೆಪದಲ್ಲಿ ನೂರಾರು ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದ. ಇದು ಹೊರಬಿದ್ದದ್ದು 2016ರಲ್ಲಿ, ‘ಇಂಡಿಯಾನಾಪೊಲಿಸ್ ಸ್ಟಾರ್’ ಪತ್ರಿಕೆಯ ವರದಿಗಾರರ ತನಿಖೆಯ ಫಲವಾಗಿ. ರೇಚಲ್ ಡೆನ್‌ಹಾಲಂಡರ್ ತಮ್ಮ ಹೆಸರು ಹೇಳಿಕೊಂಡು ಮುಂದೆ ಬಂದ ಮೇಲೆ ಒಬ್ಬೊಬ್ಬರಾಗಿ ಉಳಿದವರೂ ಬಾಯಿಬಿಟ್ಟರು. 2018ರ ಜನವರಿಯಲ್ಲಿ ಮಿಷಿಗನ್‌ನ ನ್ಯಾಯಾಲಯದಲ್ಲಿ 150ಕ್ಕೂ ಹೆಚ್ಚು ಮಹಿಳೆಯರು ಆತನ ಎದುರು ನಿಂತು ತಮ್ಮ ನೋವು ಹೇಳಿದರು. ಆತನಿಗೆ 40ರಿಂದ 175 ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು.

ಅಷ್ಟು ವರ್ಷ ಎಷ್ಟೋ ಕೂಟಗಳಲ್ಲಿ ಅಭಿಮಾನಿಗಳು ಈ ಹುಡುಗಿಯರನ್ನು ಕಣ್ಣು ಮಿಟುಕಿಸದೆ ನೋಡಿದ್ದರು. ಅವರು ಇದನ್ನು ಕಾಣುವುದು ಸಾಧ್ಯವಿರಲಿಲ್ಲ, ನಿಜ. ಹುಡುಗಿಯರ ಮಾತು ಮೊದಲೇ ಕಿವಿಗೆ ಬಿದ್ದಿದ್ದ ಅಧಿಕಾರಸ್ಥರು ಸುಮ್ಮನಿದ್ದುದೇ ದೊಡ್ಡ ಅಪರಾಧ. ಆದರೂ ತಾವು ಚಪ್ಪಾಳೆ ತಟ್ಟಿದ್ದು ಯಾವುದಕ್ಕೆ ಎಂದು ತಮ್ಮನ್ನೇ ಕೇಳಿಕೊಳ್ಳುವ ಸರದಿ ಅಭಿಮಾನಿಗಳದೂ ಆಯಿತು.

ಬಾಸ್ಟನ್‌ನ ಉಡುಪು

ಈ ಹಿನ್ನೆಲೆಯಲ್ಲಿ ನೋಡಿದರೆ 2018ರ ಆಗಸ್ಟ್‌ನಲ್ಲಿ ಬಾಸ್ಟನ್‌ನಲ್ಲಿ ನಡೆದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಮಹತ್ವ ತಿಳಿಯುತ್ತದೆ. ನಾಸರ್‌ನ ದೌರ್ಜನ್ಯಕ್ಕೆ ತಾವೂ ಒಳಗಾಗಿದ್ದಾಗಿ ಆ ವರ್ಷದ ಆರಂಭದಲ್ಲಿ ಹೇಳಿದ್ದ ಸಿಮೋನ್ ಬೈಲ್ಸ್ ಅಲ್ಲಿ ಹಸಿರು ಬೆರೆತ ನೀಲಿ ಬಣ್ಣದ ಉಡುಪಿನಲ್ಲಿ ಕಾಣಿಸಿಕೊಂಡರು. ಲೈಂಗಿಕ ದೌರ್ಜನ್ಯದಿಂದ ಪಾರಾದವರಿಗೆ ಬೆಂಬಲ ಸೂಚಿಸುವ ಬಣ್ಣ ಅದು. ಉಡುಪಿನ ವಿನ್ಯಾಸದಲ್ಲೂ ಅವರ ಕೈಯಿತ್ತು. ಆ ಕೂಟದಲ್ಲಿ ಅವರು ನಾಲ್ಕೂ ಉಪಕರಣಗಳ ಚಿನ್ನವನ್ನೂ ಸರ್ವಾಂಗೀಣ ಪ್ರಶಸ್ತಿಯನ್ನೂ ಗೆದ್ದರು. 1994ರಲ್ಲಿ ಡಾಮಿನಿಕ್ ಡಾವ್ಸ್ ಸಾಧಿಸಿದ ಬಳಿಕ ಮಹಿಳೆಯರಲ್ಲಿ ಯಾರಿಗೂ ಅದು ದಕ್ಕಿರಲಿಲ್ಲ. ಸ್ಕೋರ್‌ಬೋರ್ಡ್‌ನಲ್ಲಿ ಜಾಗವಿಲ್ಲದ ಸಂಗತಿಯನ್ನು ಬೈಲ್ಸ್ ಮೈಮೇಲೆ ಧರಿಸಿ ಬಂದಿದ್ದರು.

ಮರುವರ್ಷ ಕಾನ್ಸಾಸ್ ಸಿಟಿಯ ಚಾಂಪಿಯನ್‌ಷಿಪ್‌ನಲ್ಲಿ ಅವರು ನೆಲದ ಹಾಸಿನ ಮೇಲೆ ಎರಡು ಪಲ್ಟಿಗಳ ನಡುವೆ ಮೂರು ಸುತ್ತು ತಿರುಗಿ ಇಳಿದರು. ಸ್ಪರ್ಧೆಯಲ್ಲಿ ಮಹಿಳೆಯೊಬ್ಬರು ಅದನ್ನು ಮಾಡಿದ್ದು ಅದೇ ಮೊದಲು. ಮೊದಲ ದಿನ ಇಳಿಯುವಾಗ ಕೈ ಊರಿದ್ದರು. ಎರಡನೆಯ ದಿನ ಕಾಲ ಮೇಲೇ ನಿಂತರು. ಎರಡು ದಿನವೂ ಟಿಕೆಟ್ ಕೊಂಡವರಿಗೆ ಸಿಗುವ ಲಾಭ ಇದು. ಬೀಳುವುದನ್ನೂ ಏಳುವುದನ್ನೂ ಒಟ್ಟಿಗೆ ನೋಡುವ ಭಾಗ್ಯ.

ಇದೆಲ್ಲದರ ನಿಜವಾದ ಪರೀಕ್ಷೆ ಬಂದದ್ದು 2021ರಲ್ಲಿ. ಟೋಕಿಯೊ ಒಲಿಂಪಿಕ್ಸ್‌ನ ತಂಡ ಫೈನಲ್‌ನಲ್ಲಿ ಒಂದು ವಾಲ್ಟ್ ಮುಗಿಸಿದ ಬೈಲ್ಸ್ ಸ್ಪರ್ಧೆಯಿಂದ ಹಿಂದೆ ಸರಿದರು. ಗಾಳಿಯಲ್ಲಿದ್ದಾಗ ತನ್ನ ದೇಹ ಎಲ್ಲಿದೆ ಎಂಬ ಅಂದಾಜೇ ತಪ್ಪಿಹೋಗುತ್ತಿದೆ ಎಂದರು. ತಲೆಕೆಳಗಾಗಿ ಹಾರುವವರಿಗೆ ಇದು ಪ್ರಾಣಕ್ಕೇ ಅಪಾಯ. ಕೋವಿಡ್‌ನಿಂದಾಗಿ ಅಂದು ಆಸನಗಳಲ್ಲಿ ಪ್ರೇಕ್ಷಕರೇ ಇರಲಿಲ್ಲ. ಮುರಿದ ಕಾಲಿನಲ್ಲೂ ಓಡು ಎಂದು ಹುರಿದುಂಬಿಸುವ ಗದ್ದಲವೂ ಇರಲಿಲ್ಲ. ಹೊರಗೆ ಟೀಕಿಸಿದವರು ಸಾಕಷ್ಟಿದ್ದರು. ಅಮೆರಿಕಕ್ಕೆ ಬೆಳ್ಳಿ ಬಂತು. ಕೆರಿ ಸ್ಟ್ರಗ್ ಅವರೇ ಬೈಲ್ಸ್ ಬೆನ್ನಿಗೆ ನಿಂತರು.

ಎರಡು ವರ್ಷಗಳ ನಂತರ, 2023ರ ಆಗಸ್ಟ್‌ನಲ್ಲಿ ಸ್ಯಾನ್ ಹೋಸೆಯ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಬೈಲ್ಸ್ ಮರಳಿದರು. 26ನೇ ವಯಸ್ಸಿನಲ್ಲಿ ಎಂಟನೆಯ ಬಾರಿ ಚಾಂಪಿಯನ್ ಆದರು. 2024ರಲ್ಲಿ ಫೋರ್ಟ್ ವರ್ತ್‌ನಲ್ಲಿ ಒಂಬತ್ತನೆಯ ಬಾರಿ. 1995ರಲ್ಲಿ 13ರ ಹುಡುಗಿಗೆ ಚಪ್ಪಾಳೆ ತಟ್ಟಿದ ದೇಶ, 27ರ ವಿವಾಹಿತ ಮಹಿಳೆಗೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಹೆಣ್ಣುಮಕ್ಕಳ ಜಿಮ್ನಾಸ್ಟಿಕ್ಸ್ ಎಂದರೆ ಪುಟ್ಟ ಬಾಲಕಿಯರ ಆಟ ಎಂಬ ಹಳೆಯ ನಂಬಿಕೆ ಸಡಿಲವಾಗುತ್ತಿರುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗೆಂದು ಅಭಿಮಾನಿಗಳು ಇನ್ನು ಮುಂದೆ ಸಂತೋಷಪಡಬಾರದು, ಅನುಮಾನದಿಂದಲೇ ನೋಡಬೇಕು ಎಂದೇನೂ ಅಲ್ಲ. 10 ಸೆಂಟಿಮೀಟರ್ ಅಗಲದ ಬೀಮ್ ಮೇಲೆ ಮನುಷ್ಯರೊಬ್ಬರು ತಲೆಕೆಳಗಾಗಿ ತಿರುಗಿ ಮತ್ತೆ ಅದೇ 10 ಸೆಂಟಿಮೀಟರ್ ಮೇಲೆ ನಿಲ್ಲುವುದು ನೋಡುವಂಥದ್ದೇ. ಆದರೆ ನೋಡಬೇಕಾದದ್ದು ಅಷ್ಟೇ ಅಲ್ಲ. ಬಿದ್ದವಳ ಬಳಿ ಯಾರು ಹೋದರು, ಅವಳಿಗೆ ಏನು ಹೇಳಿದರು, ‘ಇಂದು ನನ್ನಿಂದಾಗದು’ ಎಂದವಳನ್ನು ಹೇಗೆ ನಡೆಸಿಕೊಂಡರು ಎಂಬುದೂ ಆಟದ ಭಾಗವೇ. ನಮ್ಮಲ್ಲೂ ದೀಪಾ ಕರ್ಮಾಕರ್ ಅವರನ್ನು ನೋಡಿ ಜಿಮ್ನಾಸ್ಟಿಕ್ಸ್‌ಗೆ ಬಂದ ಹೆಣ್ಣುಮಕ್ಕಳಿದ್ದಾರೆ. ನಾಳೆ ಅವರ ಸ್ಪರ್ಧೆ ನೋಡಲು ಹೋಗುವ ನಾವು ಅಂಕದ ಕಡೆ ನೋಡುವಷ್ಟೇ ಗಮನವಿಟ್ಟು ಆ ಮಕ್ಕಳ ಮುಖವನ್ನೂ ನೋಡುವುದನ್ನು ಕಲಿಯಬೇಕಾಗಿದೆ.