ಭೂಕಂಪದ ತರುವಾಯದ ವದಂತಿಗಳು: ಸಮಾಜಮನಶ್ಶಾಸ್ತ್ರದ ಚರಿತ್ರೆಯಲ್ಲೊಂದು ಅಧ್ಯಾಯ

ಸಮಾಜಮನಶ್ಶಾಸ್ತ್ರದ ಚರಿತ್ರೆಯನ್ನು ಬರೆಯುವವರು 1908ನೆಯ ಇಸವಿಯಿಂದ ಉಪಕ್ರಮಿಸುವುದು ವಾಡಿಕೆ. ಆ ಒಂದೇ ವರ್ಷದಲ್ಲಿ ಇಂಗ್ಲೆಂಡಿನ ವಿಲಿಯಂ ಮ್ಯಾಕ್‌ಡೂಗಲ್ ಅವರೂ ಅಮೆರಿಕದ ಎಡ್ವರ್ಡ್ ರಾಸ್ ಅವರೂ ಈ ಶಾಸ್ತ್ರದ ಹೆಸರನ್ನು ಹೊತ್ತ ಒಂದೊಂದು ಗ್ರಂಥವನ್ನು ಪ್ರಕಟಿಸಿದರು. ಮನುಷ್ಯನ ನಡತೆಗೆ ಹುಟ್ಟಿನೊಡನೆ ಬಂದ ಸಹಜಪ್ರವೃತ್ತಿಗಳೇ ಮೂಲವೆಂದು ಮೊದಲನೆಯವರು ಪ್ರತಿಪಾದಿಸಿದರೆ, ಒಬ್ಬರನ್ನು ನೋಡಿ ಮತ್ತೊಬ್ಬರು ಅನುಕರಿಸುವುದರಿಂದಲೂ ಒಬ್ಬರ ಮಾತಿಗೆ ಮತ್ತೊಬ್ಬರು ವಶರಾಗುವುದರಿಂದಲೂ ಸಮಾಜದಲ್ಲಿ ಏಕರೂಪದ ನಡತೆ ಹುಟ್ಟುವುದೆಂದು ಎರಡನೆಯವರು ಸಾಧಿಸಿದರು. 1924ರಲ್ಲಿ ಫ್ಲಾಯ್ಡ್ ಆಲ್‌ಪೋರ್ಟ್ ಅವರು, ಗುಂಪಿಗೆ ತನ್ನದೇ ಆದ ಮನಸ್ಸೆಂಬುದಿಲ್ಲ, ಇರುವುದೆಲ್ಲ ಬಿಡಿಬಿಡಿ ವ್ಯಕ್ತಿಗಳ ಮನಸ್ಸೇ ಎಂದು ಖಂಡತುಂಡವಾಗಿ ಸಾರಿದ ಮೇಲೆ, ಅಮೆರಿಕದಲ್ಲಿ ಈ ಶಾಸ್ತ್ರವು ಪ್ರಯೋಗಶಾಲೆಯೊಳಗಿನ ಏಕಾಕಿ ಮನುಷ್ಯನ ಕಡೆಗೆ ವಾಲಿತು. ಭಾರತದಲ್ಲಿಯೂ ಈ ವಿದ್ಯೆ ಆ ವೇಳೆಗಾಗಲೇ ಬೇರೂರಿದ್ದಿತು: 1916ರ ಹೊತ್ತಿಗೆ ಕಲ್ಕತ್ತೆಯಲ್ಲಿಯೂ 1924ರಲ್ಲಿ ಮೈಸೂರಿನಲ್ಲಿಯೂ ಮನಶ್ಶಾಸ್ತ್ರದ ವಿಭಾಗಗಳು ತೊಡಗಿದ್ದವು; 1928ರಲ್ಲಿ ರಾಧಾಕಮಲ್ ಮುಖರ್ಜಿ ಮತ್ತು ನರೇಂದ್ರನಾಥ ಸೇನ್‌ಗುಪ್ತ ಅವರು ಕೂಡಿ ಸಮಾಜಮನಶ್ಶಾಸ್ತ್ರಕ್ಕೊಂದು ಪ್ರವೇಶಗ್ರಂಥವನ್ನೇ ರಚಿಸಿದರು. ಆದರೆ ಈ ಶಾಸ್ತ್ರಕ್ಕೆ ಭಾರತದಿಂದ ಸಂದ ಅತ್ಯಂತ ಫಲವತ್ತಾದ ಸಾಮಗ್ರಿ ದೊರೆತದ್ದು ಗ್ರಂಥಗಳಿಂದಲ್ಲ, ಪಾಟ್ನಾ ನಗರದ ಬೀದಿಗಳಲ್ಲಿ ಬಾಯಿಂದ ಬಾಯಿಗೆ ಹಬ್ಬಿದ ಗಾಳಿಸುದ್ದಿಗಳಿಂದ.

1934ರ ಜನವರಿ 15, ಮಕರ ಸಂಕ್ರಾಂತಿಯ ಮರುದಿನದ ಅಮಾವಾಸ್ಯೆ. ಮಧ್ಯಾಹ್ನ ಎರಡು ಗಂಟೆ ಕಳೆದು ಸ್ವಲ್ಪ ಹೊತ್ತಿಗೆ ಉತ್ತರ ಬಿಹಾರದ ಮತ್ತು ನೇಪಾಳದ ನೆಲ ನಡುಗಿ, ಮುಂಗೇರ್ ಪಟ್ಟಣ ಬಹುಮಟ್ಟಿಗೆ ನೆಲಸಮವಾಯಿತು. ಮುಜಫರ್‌ಪುರ, ದರ್ಭಂಗಾ, ಕಾಠ್ಮಂಡುಗಳು ಅಪಾರ ನಷ್ಟಕ್ಕೀಡಾದವು. ಮಡಿದವರ ಸಂಖ್ಯೆ 10,000ವನ್ನು ಮೀರಿತು. ಪಾಟ್ನಾದಲ್ಲಿಯೂ ಕಂಪನವು ಭೀಕರವಾಗಿಯೇ ಅನುಭವಕ್ಕೆ ಬಂದಿತಾದರೂ ಮುಂಗೇರಿನಂಥ ವಿನಾಶವನ್ನು ಆ ನಗರ ಕಾಣಲಿಲ್ಲ. ಅಲ್ಲಿ ಜಮುನಾ ಪ್ರಸಾದ್ ಎಂಬ ಮನಶ್ಶಾಸ್ತ್ರಜ್ಞರು, ದುರಂತದ ಬೆನ್ನಿಗೇ ಹರಡತೊಡಗಿದ ವದಂತಿಗಳನ್ನು ಕಿವಿಗೊಟ್ಟು ಕೇಳಿ ಬರೆದಿಟ್ಟುಕೊಂಡು, 1935ರಲ್ಲಿ ಬ್ರಿಟಿಷ್ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಅವುಗಳ ವಿವೇಚನೆಯನ್ನು ಪ್ರಕಟಿಸಿದರು. ಕಂಪನದ ಗಳಿಗೆಯಲ್ಲಿ ಗಂಗೆಯ ನೀರೇ ಮಾಯವಾಗಿ ಸ್ನಾನಕ್ಕಿಳಿದವರು ಮರಳಿನಲ್ಲಿ ಹೂತುಹೋದರೆಂಬುದು ಒಂದು ಸುದ್ದಿ. ನೇಪಾಳದ ಗಡಿಯಿಂದ ಪ್ರವಾಹವು ಮಧುಬನಿಯತ್ತ ಧಾವಿಸುತ್ತಿದೆಯೆಂಬುದು ಇನ್ನೊಂದು. ಚಂಡಮಾರುತ ಬರಲಿದೆ, ಚಂದ್ರಗ್ರಹಣದ ದಿನ ಮತ್ತೆ ಭೂಮಿ ಕಂಪಿಸಲಿದೆ, ಫೆಬ್ರವರಿ ತಿಂಗಳ ಇಂಥ ದಿನ ಪ್ರಳಯವೇ ಆಗಲಿದೆ ಎಂಬುವು ಮತ್ತೆ ಹಲವು. ಈ ಕೊನೆಯ ವರ್ಗದ ಸುದ್ದಿಗಳನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಆಗಿಹೋದ ಅನಾಹುತವನ್ನು ಅವು ಹಿಗ್ಗಿಸಿ ಹೇಳುತ್ತಿರಲಿಲ್ಲ. ಅದಕ್ಕಿಂತಲೂ ಘೋರವಾದುದು ಮುಂದೆ ಕಾದಿದೆಯೆಂದು ಭವಿಷ್ಯ ನುಡಿಯುತ್ತಿದ್ದವು.

ಪ್ರಸಾದ್ ಅವರು ಇದಕ್ಕೆ ಕೊಟ್ಟ ಕಾರಣಗಳು ಬಹುಮುಖವಾದುವು. ಉದ್ವಿಗ್ನವಾದ ಮನಸ್ಥಿತಿ, ಘಟನೆಯ ಅಪೂರ್ವತೆ, ಸುದ್ದಿಯ ಅಪೂರ್ಣತೆ, ಸಮೂಹದವರೆಲ್ಲರಿಗೂ ಅದರಲ್ಲಿದ್ದ ಆಸ್ಥೆ, ಇವಿಷ್ಟನ್ನೂ ಅವರು ಎಣಿಸಿದರು. ಅಷ್ಟರಿಂದಲೇ ತೃಪ್ತರಾಗದೆ, ಜನರು ಆ ಸುದ್ದಿಗಳನ್ನು ಕಟ್ಟಿದ್ದು ತಮ್ಮ ಪರಂಪರೆಯ ಸಾಮಗ್ರಿಯಿಂದಲೇ ಎಂಬುದನ್ನೂ ತೋರಿಸಿಕೊಟ್ಟರು. ಗ್ರಹಣ, ಗ್ರಹಕೂಟ, ಪ್ರಳಯ ಇವು ಯಾರೋ ಒಬ್ಬನ ತಲೆಯಲ್ಲಿ ಆ ಕ್ಷಣಕ್ಕೆ ಹೊಳೆದ ಕಲ್ಪನೆಗಳಲ್ಲ. ಪಂಚಾಂಗ ಶ್ರವಣದಿಂದಲೂ ಪುರಾಣ ಶ್ರವಣದಿಂದಲೂ ತಲೆಮಾರುಗಳ ಕಾಲ ಸಮೂಹದ ಮನಸ್ಸಿನಲ್ಲಿ ನೆಲೆಗೊಂಡಿದ್ದ ಅರ್ಥಗಳು. ಪಾಮರರು ಮಾತ್ರವೇ ಹೀಗೆ ಅರ್ಥವನ್ನರಸಿದರೆಂದು ತಿಳಿಯಬಾರದು. ಹರಿಜನ ಪ್ರವಾಸದಲ್ಲಿದ್ದ ಗಾಂಧೀಜಿಯವರೇ ಜನವರಿ ಮುಗಿಯುವ ಮುನ್ನ ತಿರುನೆಲ್ವೇಲಿಯಲ್ಲಿ ಮಾತನಾಡುತ್ತ, ಅಸ್ಪೃಶ್ಯತೆಯ ಪಾಪಕ್ಕೆ ದೈವವು ವಿಧಿಸಿದ ದಂಡನೆ ಈ ಭೂಕಂಪವೆಂದು ಹೇಳಿದರು. ಭೌತಿಕ ಉತ್ಪಾತಕ್ಕೆ ಭೌತಿಕ ಕಾರಣವೇ ಹೊರತು ನೈತಿಕ ಕಾರಣವನ್ನು ಕಲ್ಪಿಸಲಾಗದೆಂದು ರವೀಂದ್ರನಾಥ ಠಾಕೂರರು ಪ್ರತಿಭಟಿಸಿದರು. ಆ ಪ್ರತಿಭಟನೆಯನ್ನು ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಪ್ರಕಟಿಸಿ ಉತ್ತರವಿತ್ತರು. ದೇಶದ ಅತ್ಯುನ್ನತ ಚೇತನಗಳೆರಡು ಇಷ್ಟು ಗಂಭೀರವಾಗಿ ವಾದಿಸಿದ ಪ್ರಶ್ನೆಯನ್ನು, ಪಾಟ್ನಾದ ಸಾಮಾನ್ಯ ಜನರ ಮಟ್ಟಿಗೆ ಬಂದಾಗ ಕೇವಲ ಮೌಢ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಪ್ರಸಾದ್ ಅವರ ಲೇಖನವು ಎತ್ತಿದ ತೊಡಕಿಗೆ ಉತ್ತರ ದೊರೆಯಲು ಬಹುಕಾಲ ಹಿಡಿಯಿತು. 1947ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ ಅವರು ವದಂತಿಯ ಮೇಲೆ ಬರೆದ ಪ್ರಸಿದ್ಧ ಗ್ರಂಥದಲ್ಲಿ, ವಿಷಯದ ಮಹತ್ತ್ವವೂ ಅಸ್ಪಷ್ಟತೆಯೂ ಕೂಡಿದಲ್ಲಿ ವದಂತಿ ಬೆಳೆಯುವುದೆಂಬ ಸೂತ್ರವನ್ನು ಮಂಡಿಸಿದರು. ಸೂತ್ರವೇನೋ ಸರಳವಾಗಿದೆ, ಆದರೆ ಆಗಲೇ ಹೆದರಿದ ಜನ ಇನ್ನೂ ಹೆದರಿಸುವ ಸುದ್ದಿಯನ್ನೇ ಏಕೆ ಆಯ್ದುಕೊಳ್ಳುತ್ತಾರೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಆ ತೊಡಕು ಕಣ್ಣಿಗೆ ಬಿದ್ದದ್ದು ಲಿಯಾನ್ ಫೆಸ್ಟಿಂಗರ್ ಅವರಿಗೆ. ಕರ್ಟ್ ಲೆವಿನ್ ಅವರ ಶಿಷ್ಯರಾದ ಇವರಿಗೆ, ಫೋರ್ಡ್ ಪ್ರತಿಷ್ಠಾನದ ಬರ್ನಾರ್ಡ್ ಬೆರೆಲ್ಸನ್ ಅವರು 1951ರ ಕೊನೆಯಲ್ಲಿ, ಸಂವಹನ ಮತ್ತು ಸಾಮಾಜಿಕ ಪ್ರಭಾವಗಳ ಕುರಿತ ಸಂಶೋಧನೆಗಳನ್ನೆಲ್ಲ ಒಗ್ಗೂಡಿಸಿ ನೋಡುವ ಕೆಲಸವೊಂದನ್ನು ಒಪ್ಪಿಸಿದ್ದರು. ಅದಕ್ಕಾಗಿ ಓದುತ್ತಿದ್ದ ರಾಶಿಯಲ್ಲಿ ಪ್ರಸಾದ್ ಅವರ ಲೇಖನವೂ ಬಂದಿತು. ಜನರು ಸುಖವನ್ನರಸಿ ದುಃಖದಿಂದ ದೂರವಾಗಬಯಸುವರೆಂಬ ತತ್ತ್ವಕ್ಕೆ ಈ ಸುದ್ದಿಗಳು ನೇರವಾಗಿ ವಿರುದ್ಧವಾಗಿದ್ದುದರಿಂದ ಅವರು ಅಲ್ಲಿಯೇ ತಡೆದು ನಿಂತರು.

ಫೆಸ್ಟಿಂಗರ್ ಕಂಡುಕೊಂಡ ಪರಿಹಾರವು ಕಾರಣಕಾರ್ಯಗಳ ಕ್ರಮವನ್ನೇ ತಿರುವುಮುರುವು ಮಾಡಿತು. ವದಂತಿಯಿಂದ ಭಯ ಹುಟ್ಟಿತೆಂದು ನಾವು ಭಾವಿಸುತ್ತೇವಷ್ಟೆ. ಭಯವೇ ಮೊದಲು ಹುಟ್ಟಿ, ತನ್ನನ್ನು ಸಮರ್ಥಿಸುವ ವದಂತಿಯನ್ನು ಬರಮಾಡಿಕೊಂಡಿತೆಂದು ಅವರು ಊಹಿಸಿದರು. ದೀರ್ಘವಾದ ಕಂಪನದಿಂದ ಎದೆ ನಡುಗಿದೆ, ಕಣ್ಣೆದುರಿಗೆ ನೋಡಿದರೆ ಮನೆ ನಿಂತಿದೆ, ಮಕ್ಕಳು ಕ್ಷೇಮವಾಗಿದ್ದಾರೆ. ಭಯವಿದೆ, ಭಯಕ್ಕೆ ತಕ್ಕ ಕಾರಣ ಕಾಣಿಸದು. ಈ ಎರಡು ಅರಿವುಗಳ ನಡುವಣ ವಿರೋಧವನ್ನು ಮನಸ್ಸು ಸಹಿಸಲಾರದಾಗ, ಪ್ರಳಯದ ಸುದ್ದಿ ಅದಕ್ಕೊಂದು ಸಮಾಧಾನವನ್ನೀಯುತ್ತದೆ: ನಾನು ಹೆದರುವುದು ಸರಿಯೇ ಆಗಿದೆ. ಇದಕ್ಕೆ ಪ್ರತಿಪ್ರಮಾಣವಾಗಿ ಅವರು ದುರ್ಗಾನಂದ ಸಿನ್ಹಾ ಅವರು 1952ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ತೆಗೆದುಕೊಂಡರು. ಅದರ ವಸ್ತು ಡಾರ್ಜಿಲಿಂಗಿನ ಭೂಕುಸಿತ. ಅಲ್ಲಿ ಸಾವುನೋವುಗಳನ್ನು ಜನರು ಸಾಕ್ಷಾತ್ತಾಗಿ ಕಂಡಿದ್ದರು, ಭಯಕ್ಕೆ ಕಾರಣವು ಕಣ್ಣೆದುರಿಗೇ ಬಿದ್ದಿದ್ದಿತು. ಇನ್ನೂ ಘೋರವಾದುದು ಬರಲಿದೆಯೆಂಬ ಬಗೆಯ ವದಂತಿಗಳು ಅಲ್ಲಿ ತಲೆಯೆತ್ತಲಿಲ್ಲ. ಈ ಹೊಳಹಿನಿಂದ ಬೆಳೆದು ಬಂದದ್ದೇ 1957ರಲ್ಲಿ ಗ್ರಂಥರೂಪ ತಾಳಿದ ಅರಿವಿನ ವಿಸಂವಾದದ ಸಿದ್ಧಾಂತ. ಅದರ ಮುನ್ನುಡಿಯಲ್ಲಿ ಫೆಸ್ಟಿಂಗರ್ ಅವರು ಭಾರತದ ಭೂಕಂಪದ ಈ ಋಣವನ್ನು ಸ್ಪಷ್ಟವಾಗಿಯೇ ನೆನೆದಿದ್ದಾರೆ. 1959ರಲ್ಲಿ ಅವರೂ ಕಾರ್ಲ್‌ಸ್ಮಿತ್ ಅವರೂ ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿಗಳಿಂದ ಬೇಸರದ ಕೆಲಸವೊಂದನ್ನು ಒಂದು ಗಂಟೆ ಮಾಡಿಸಿ, ಅದು ಸೊಗಸಾಗಿತ್ತೆಂದು ಮುಂದಿನವರಿಗೆ ಸುಳ್ಳಾಡಿಸಿದರು. ಇಪ್ಪತ್ತು ಡಾಲರು ಪಡೆದವರಿಗಿಂತ ಒಂದೇ ಡಾಲರು ಪಡೆದವರು, ಆ ಕೆಲಸ ತಮಗೆ ಹಿಡಿಸಿತೆಂದು ಹೆಚ್ಚಾಗಿ ಹೇಳಿದರು. ಸುಳ್ಳಿಗೆ ಸಾಕಷ್ಟು ಬೆಲೆ ಸಿಗದಾಗ ಅಭಿಪ್ರಾಯವೇ ಬದಲಾಗಿ ಸುಳ್ಳಿಗೆ ಹೊಂದಿಕೊಂಡಿತೆಂಬುದು ಅವರ ವ್ಯಾಖ್ಯಾನ.

ಈ ಸಿದ್ಧಾಂತದ ಸೂಕ್ಷ್ಮತೆಯನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. ಆದರೆ ಪಾಟ್ನಾದಿಂದ ಅಮೆರಿಕಕ್ಕೆ ಸಾಗುವ ದಾರಿಯಲ್ಲಿ ಒಂದು ಮುಖ್ಯಾಂಶ ಕಳಚಿಬಿದ್ದಿತೆಂದು ಹೇಳದಿರಲಾರೆ. ಫೆಸ್ಟಿಂಗರ್ ಅವರು ವದಂತಿಗಳನ್ನು ಉಳಿಸಿಕೊಂಡು ಗ್ರಹಣವನ್ನೂ ಪ್ರಳಯವನ್ನೂ ಕೇವಲ ಆಕಸ್ಮಿಕ ವಿವರಗಳೆಂಬಂತೆ ಬದಿಗಿರಿಸಿದರು. ಉಳಿದದ್ದು ಏಕಾಕಿ ಮನಸ್ಸೊಂದು ತನ್ನೊಳಗೇ ನಡೆಸುವ ಹೊಂದಾಣಿಕೆ. ವಿಸಂವಾದವು ಮನುಷ್ಯನನ್ನು ಸಮರ್ಥನೆಗಾಗಿ ಹುಡುಕಹಚ್ಚಬಹುದು. ಆದರೆ ಹುಡುಕುವ ಕೈಗೆ ಯಾವ ಸಮರ್ಥನೆ ಸಿಗಬೇಕೆಂಬುದನ್ನೂ ಸಿಕ್ಕಿದ್ದನ್ನು ನೆರೆಯವನು ನಂಬುವನೋ ಇಲ್ಲವೋ ಎಂಬುದನ್ನೂ ನಿರ್ಣಯಿಸುವುದು ಸಮಾಜ. ಸಂಕ್ರಾಂತಿಯ ನೆರಳಲ್ಲಿ, ಅಮಾವಾಸ್ಯೆಯ ದಿನ ನೆಲ ನಡುಗಿದ ನಾಡಿನಲ್ಲಿ ಗ್ರಹಣದ ದಿನಕ್ಕೆ ಅಪಾಯವನ್ನು ಗಂಟುಹಾಕಲು ಯಾರಿಗೂ ಪ್ರಯಾಸವಾಗಲಿಲ್ಲ.

ಪ್ರಸಾದ್ ಅವರೇ ಈ ಪ್ರಶ್ನೆಯ ಇನ್ನೊಂದು ಮುಖವನ್ನೂ ಬಲ್ಲವರಾಗಿದ್ದರು. 1950ರಲ್ಲಿ ಪ್ರಕಟಿಸಿದ ಎರಡನೆಯ ಲೇಖನದಲ್ಲಿ ಅವರು ಬಿಹಾರದ ವದಂತಿಗಳನ್ನು ಬೇರೆ ಕಾಲದ, ಬೇರೆ ದೇಶದ ಭೂಕಂಪಗಳ ವರದಿಗಳೊಡನೆಯೂ ವದಂತಿಗಳೊಡನೆಯೂ ಹೋಲಿಸಿ, ಅವುಗಳಲ್ಲಿ ಗಾಢವಾದ ಸಾದೃಶ್ಯವನ್ನು ಗುರುತಿಸಿದರು. ಹಾಗಿದ್ದಲ್ಲಿ ಮುಂಬರುವ ಆಪತ್ತಿನ ನಿರೀಕ್ಷೆಯ ಮೂಲ ಮನುಷ್ಯಸಾಮಾನ್ಯವೆಂದೂ, ಅದು ತೊಡುವ ರೂಪ ಮಾತ್ರ ಆಯಾ ನಾಡಿನದೆಂದೂ ಎಣಿಸಲು ಅವಕಾಶವಿದೆ. ಹೀಗೆಣಿಸಿದರೆ ಫೆಸ್ಟಿಂಗರ್ ಮತ್ತು ಪ್ರಸಾದ್ ಪರಸ್ಪರ ವಿರೋಧಿಗಳಾಗದೆ ಒಂದೇ ನಡತೆಯ ಎರಡು ಪದರಗಳನ್ನು ವಿವರಿಸಿದವರಾಗುತ್ತಾರೆ. ಆದರೂ ಫೆಸ್ಟಿಂಗರ್ ಅವರ ತುಲನೆಯೊಂದು ದುರ್ಬಲವಾಗಿಯೇ ನಿಲ್ಲುತ್ತದೆ: ಪಾಟ್ನಾವನ್ನು ಡಾರ್ಜಿಲಿಂಗಿನೊಡನೆ ಸರಿದೂಗಿಸುವಾಗ ಕಾಲವೂ ಜನರೂ ಆಪತ್ತಿನ ಸ್ವರೂಪವೂ ಒಟ್ಟಿಗೇ ಬದಲಾಗಿಬಿಡುತ್ತವೆ. ಊಹೆಯನ್ನು ನಿಜವಾಗಿ ಪರೀಕ್ಷಿಸಬೇಕಾದರೆ ಒಂದೇ ಭೂಕಂಪದಲ್ಲಿ, ಒಂದೇ ಪಂಚಾಂಗವನ್ನು ನಂಬುವ ಎರಡು ಊರುಗಳನ್ನು, ಮನೆ ಉಳಿದ ಪಾಟ್ನಾವನ್ನೂ ಮನೆ ಕುಸಿದ ಮುಂಗೇರನ್ನೂ, ಅಕ್ಕಪಕ್ಕದಲ್ಲಿರಿಸಿ ಕೇಳಬೇಕಾಗಿದ್ದಿತು.