ಮಾವಿನ ಮರದ ಮೇಲಿರೋದೆಲ್ಲ ಬದನಿಕೆ ಅಲ್ಲ: ಆರ್ಕಿಡ್ ಯಾವ ಕುಟುಂಬ, ಈರುಳ್ಳಿಗೆ ಹೇಗೆ ನೆಂಟ?

ಶ್ರೀನಿವಾಸಪುರ: ಮಾವಿನ ಕೊಯ್ಲು ಮುಗಿಯುತ್ತಿದ್ದಂತೆ ತೋಪುಗಳಲ್ಲಿ ಒಣ ಕೊಂಬೆ, ಬದನಿಕೆ ಕಡಿಯೋ ಕೆಲಸ ಶುರುವಾಗುತ್ತೆ. ಅಂಥ ಒಂದು ತೋಪಿನಲ್ಲಿ ಕಡಿದು ಹಾಕಿದ್ದ ರಾಶಿಯಲ್ಲಿ ಒಂದು ಗಿಡ ಬೇರೆ ಥರ ಕಾಣಿಸಿತು. ಪೆನ್ಸಿಲ್ ದಪ್ಪದ ಬೂದು ಬಣ್ಣದ ಬೇರು, ಪಟ್ಟಿಯಂಥ ಗಟ್ಟಿ ಎಲೆ, ಕಂದು ಚೌಕಳಿಯ ಹೂವು, ಅದರ ನಡುವೆ ನೇರಳೆ ಬಣ್ಣದ ತುಟಿ.

"ಇದು ಬದನಿಕೆ ಅಲ್ಲಣ್ಣ, ಆರ್ಕಿಡ್ಡು" ಅಂದೆ.

"ಮರದ ಮೇಲೆ ಹುಟ್ಟಿದ್ದೆಲ್ಲ ಬದನಿಕೇನೇ ಕಣಪ್ಪ. ಬಿಟ್ರೆ ಮರಾನೇ ತಿಂದಾಕ್ತೈತೆ" ಅಂದರು ತೋಪಿನ ಯಜಮಾನರು.

ಅವರ ಮಾತು ಅರ್ಧ ನಿಜ. ಬದನಿಕೆ ಮರವನ್ನ ಹಾಳು ಮಾಡುತ್ತೆ, ಆರ್ಕಿಡ್ ಮಾಡಲ್ಲ. ಸಸ್ಯಶಾಸ್ತ್ರಜ್ಞರ ಪ್ರಕಾರ ಇವೆರಡೂ ಒಂದಕ್ಕೊಂದು ನೆಂಟರೇ ಅಲ್ಲ.

ಹೆಸರಲ್ಲೇ ಗೊಂದಲ

ಆ ಗಿಡದ ಹೆಸರು ವಾಂಡಾ ಟೆಸೆಲೇಟಾ. ಒಣ ಬಯಲುಸೀಮೆಯಲ್ಲೂ ಮಾವಿನಂಥ ಮರಗಳ ಮೇಲೆ ಬದುಕೋ ಆರ್ಕಿಡ್ ಇದು. 'ವಾಂಡಾ' ಅನ್ನೋದು ಸಂಸ್ಕೃತದ 'ವಂದಾ', 'ವಂದಾಕ' ಪದದಿಂದ ಬಂದಿದೆ. ಆ ಪದಕ್ಕೆ ಮರದ ಮೇಲೆ ಬೆಳೆಯೋ ಬದನಿಕೆ ಅಂತಲೇ ಅರ್ಥ. ಅಂದರೆ ನಮ್ಮ ಯಜಮಾನರ ಗೊಂದಲ ಹೊಸದೇನಲ್ಲ.

1753ರಲ್ಲಿ ಸ್ವೀಡನ್ನಿನ ಲಿನೇಯಸ್ ಗಿಡಗಳಿಗೆ ಎರಡು ಪದದ ಹೆಸರು ಕೊಟ್ಟಾಗ, ಮರದ ಮೇಲಿನ ಆರ್ಕಿಡ್‌ಗಳನ್ನ ಎಪಿಡೆಂಡ್ರಮ್ ಅನ್ನೋ ಒಂದೇ ಜಾತಿಗೆ ಹಾಕಿದ್ದರು. ಆ ಪದದ ಅರ್ಥ 'ಮರದ ಮೇಲಿನದು'. 1795ರಲ್ಲಿ ಕೋರಮಂಡಲ ತೀರದ ಗಿಡಗಳ ಬಗ್ಗೆ ಬರೆದ ವಿಲಿಯಂ ರಾಕ್ಸ್‌ಬರ್ಗ್ ಕೂಡ ನಮ್ಮ ಗಿಡಕ್ಕೆ ಎಪಿಡೆಂಡ್ರಮ್ ಟೆಸೆಲೇಟಮ್ ಅಂತಲೇ ಹೆಸರಿಟ್ಟರು. ಟೆಸೆಲೇಟಮ್ ಅಂದರೆ ಚೌಕಳಿ ಇರೋದು. ಆಮೇಲೆ ಹೂವಿನ ರಚನೆ ನೋಡಿ ಅದನ್ನ ವಾಂಡಾ ಜಾತಿಗೆ ಸೇರಿಸಿದರು. ಎಲ್ಲಿ ಬೆಳೆಯುತ್ತೆ ಅನ್ನೋದಕ್ಕಿಂತ ಹೂವು ಹೇಗಿದೆ ಅನ್ನೋದೇ ಮುಖ್ಯ ಅಂತಾಯಿತು.

ಆರ್ಕಿಡ್ ಅಂತ ಹೇಗೆ ಹೇಳ್ತಾರೆ?

ಹೂವಲ್ಲಿ ಹೊರಗೆ ಮೂರು ಎಸಳು, ಒಳಗೆ ಮೂರು. ಒಳಗಿನ ಮೂರರಲ್ಲಿ ಒಂದು ಬೇರೆ ಆಕಾರದಲ್ಲಿರುತ್ತೆ, ಅದೇ ತುಟಿ. ಹುಳ ಬಂದು ಕೂರೋ ಜಗಲಿ ಅದು. ದಾಸವಾಳದಲ್ಲಿ ಪರಾಗ ಪುಡಿಪುಡಿಯಾಗಿ ಕೈಗೆ ಅಂಟುತ್ತೆ. ಬಹುತೇಕ ಆರ್ಕಿಡ್‌ಗಳಲ್ಲಿ ಪರಾಗವೆಲ್ಲ ಉಂಡೆಗಟ್ಟಿರುತ್ತೆ, ಹುಳ ಇಡೀ ಉಂಡೆಯನ್ನೇ ಮೈಗೆ ಅಂಟಿಸಿಕೊಂಡು ಹೋಗುತ್ತೆ. ಗಂಡು ಹೆಣ್ಣು ಭಾಗಗಳು ಬೆಸೆದುಕೊಂಡು ನಡುವೆ ಒಂದೇ ಕಂಬವಾಗಿರುತ್ತೆ.

ಬೀಜ ಧೂಳಿನಷ್ಟು ಸಣ್ಣದು. ಒಂದು ಕಾಯಲ್ಲಿ ಸಾವಿರಾರು ಬೀಜ ಇರುತ್ತೆ, ಆದರೆ ಒಳಗೆ ಆಹಾರದ ಗಂಟು ಇಲ್ಲ. ಸರಿಯಾದ ಶಿಲೀಂಧ್ರ ಸಿಕ್ಕಿದರೆ ಮಾತ್ರ ಮೊಳಕೆ. ಅಲ್ಲಿಂದ ಹೂ ಬಿಡೋಕೆ ಎಷ್ಟೋ ವರ್ಷ. ಒಂದು ಗಿಡ ಕಿತ್ತೆಸೆದರೆ ನಷ್ಟ ದೊಡ್ಡದು ಅನ್ನೋದು ಅದಕ್ಕೇ.

ಆರ್ಕಿಡೇಸಿ ಕುಟುಂಬದಲ್ಲಿ ಜಗತ್ತಿನಾದ್ಯಂತ ಸುಮಾರು 28,000 ಪ್ರಭೇದಗಳಿವೆ. ಅವನ್ನ ಐದು ಉಪಕುಟುಂಬ ಮಾಡಿದ್ದಾರೆ. ವೆನಿಲ್ಲಾ ಒಂದರಲ್ಲಿದೆ. ಮದುವೆ ಸ್ಟೇಜಿಗೆ ಕಟ್ಟೋ ನೇರಳೆ ಡೆಂಡ್ರೋಬಿಯಂ, ನರ್ಸರಿಯ ಫೆಲನಾಪ್ಸಿಸ್, ನಮ್ಮ ವಾಂಡಾ ಮೂರೂ ಇನ್ನೊಂದರಲ್ಲಿವೆ. ಅದರ ಹೆಸರು ಎಪಿಡೆಂಡ್ರಾಯ್ಡಿ, ಐದರಲ್ಲಿ ಇದೇ ದೊಡ್ಡದು.

ಈರುಳ್ಳಿ ನೆಂಟಸ್ತನ

ನಾನು ಡಿಗ್ರಿ ಅರ್ಧಕ್ಕೆ ಬಿಟ್ಟವನು. ಓದಿದಷ್ಟು ದಿನ ಬಾಟನಿಯಲ್ಲಿ ಹೇಳಿಕೊಟ್ಟಿದ್ದು ಬೆಂಥಮ್ ಮತ್ತು ಹೂಕರ್ ಪದ್ಧತಿ. ಅದು 1862ರಿಂದ 1883ರವರೆಗೆ ಬಂದ ಪುಸ್ತಕದ್ದು. ಅದರಲ್ಲಿ ಬೀಜ ಸಣ್ಣದು ಅಂತ ಆರ್ಕಿಡ್‌ಗಳನ್ನ ಬೇರೆ ಗುಂಪಲ್ಲಿ ಇಟ್ಟಿದ್ದರು. ಈರುಳ್ಳಿ ಲಿಲ್ಲಿ ಕುಟುಂಬದಲ್ಲಿತ್ತು.

ಡಿಎನ್‌ಎ ಹೋಲಿಸೋಕೆ ಶುರು ಮಾಡಿದ ಮೇಲೆ ಲೆಕ್ಕ ಬದಲಾಯಿತು. ಹಲವು ದೇಶದ ವಿಜ್ಞಾನಿಗಳು ಸೇರಿ 1998ರಲ್ಲಿ ಎಪಿಜಿ ಅನ್ನೋ ಹೊಸ ಪದ್ಧತಿ ತಂದರು. 2003, 2009, 2016ರಲ್ಲಿ ಅದನ್ನ ತಿದ್ದಿದರು. ಇದರ ಪ್ರಕಾರ ಆರ್ಕಿಡ್ ಇರೋದು ಆಸ್ಪರಾಗೇಲ್ಸ್ ಗಣದಲ್ಲಿ. ಅದೇ ಗಣದಲ್ಲಿ ಇನ್ನೂ ಯಾರಿದ್ದಾರೆ ನೋಡಿ:

- ಈರುಳ್ಳಿ, ಬೆಳ್ಳುಳ್ಳಿ
- ಲೋಳೆಸರ
- ಹೊಲದ ಬದುವಿನ ಕತ್ತಾಳೆ
- ಹೂವಿನ ಮಂಡಿಯ ಸುಗಂಧರಾಜ, ಗ್ಲಾಡಿಯೋಲಸ್

ಈ ಮನೆಯಿಂದ ಮೊದಲು ಭಾಗ ತಗೊಂಡು ಹೋದ ಕವಲು ಆರ್ಕಿಡ್. ಹಾಗಾಗಿ ಉಳಿದವರೆಲ್ಲ ಅದಕ್ಕೆ ದೂರದ ದಾಯಾದಿಗಳು. ಶುಂಠಿ, ಅರಿಶಿನ, ಬಾಳೆ ಕೂಡ ಏಕದಳವೇ, ಆದರೆ ಬೇರೆ ಗಣ. ಗುಲಾಬಿ, ಸೇವಂತಿ, ಚೆಂಡುಹೂ ದ್ವಿದಳ, ಇನ್ನೂ ದೂರ.

ಬದನಿಕೆ ಯಾರ ನೆಂಟ?

ಮಾವಿನ ತೋಪಲ್ಲಿ ಸಾಮಾನ್ಯವಾಗಿ ಕಾಣೋ ಬದನಿಕೆ ಡೆಂಡ್ರಾಫ್ತೋಯಿ ಫಾಲ್ಕೇಟಾ. ಇದರ ಗಣ ಸ್ಯಾಂಟಲೇಲ್ಸ್, ಅಂದರೆ ಶ್ರೀಗಂಧದ ಬಳಗ. ಶ್ರೀಗಂಧ ಮಣ್ಣೊಳಗೆ ಪಕ್ಕದ ಗಿಡದ ಬೇರಿಗೆ ಬೇರು ಹಾಕಿ ನೀರು, ಸಾರ ಎಳೆಯುತ್ತೆ. ಶ್ರೀಗಂಧದ ಸಸಿ ಪಕ್ಕ ತೊಗರಿ ಹಾಕೋದು ಅದಕ್ಕೇ. ಬದನಿಕೆ ಅದೇ ಕೆಲಸವನ್ನ ಕೊಂಬೆ ಮೇಲೆ ಮಾಡುತ್ತೆ. ಆರ್ಕಿಡ್ ಬೇರು ತೊಗಟೆಯನ್ನ ಬರೀ ಹಿಡ್ಕೊಂಡಿರುತ್ತೆ, ಮಳೆ ಮತ್ತು ಇಬ್ಬನಿಯ ನೀರು ಕುಡಿಯುತ್ತೆ.

ಕಡಿಯೋ ಮೊದಲು ನೋಡಿ

- ಬೇರು: ದಪ್ಪ, ಬೂದು ಬಣ್ಣ, ತೊಗಟೆ ಮೇಲೆ ಹರಿದಿದೆ, ಕೆಲವು ಗಾಳಿಯಲ್ಲಿ ಜೋತಾಡ್ತಿವೆ ಅಂದರೆ ಆರ್ಕಿಡ್. ಗಿಡ ಕೊಂಬೆಯೊಳಗೇ ಇಳಿದು, ಸೇರಿದ ಜಾಗ ಗಂಟಾಗಿ ಉಬ್ಬಿದ್ದರೆ ಬದನಿಕೆ.
- ಎಲೆ: ವಾಂಡಾದ್ದು ಉದ್ದ ಪಟ್ಟಿ, ಎರಡು ಸಾಲಲ್ಲಿ. ಬದನಿಕೆದು ಅಗಲ, ದಪ್ಪ, ಮರದ ಎಲೆ ಥರ.
- ಕೊಂಬೆ: ಬದನಿಕೆಯಿಂದ ಆಚೆಗಿನ ತುದಿ ಸೊರಗಿ ಒಣಗುತ್ತೆ. ಆರ್ಕಿಡ್ ಇರೋ ಕೊಂಬೆ ಹಾಗಾಗಲ್ಲ.

ಬದನಿಕೆಯನ್ನ ಮುರಿದರೆ ಸಾಲದು, ಮತ್ತೆ ಚಿಗುರುತ್ತೆ. ಗಂಟಿನಿಂದ ಕೆಳಗೆ, ಕೊಂಬೆ ಸಮೇತ ತೆಗೀಬೇಕು. ಹಣ್ಣಾಗೋ ಮೊದಲೇ ತೆಗೆದರೆ ಒಳ್ಳೇದು. ಅದರ ಅಂಟು ಬೀಜವನ್ನ ಸಣ್ಣ ಹಕ್ಕಿಗಳು ಮುಂದಿನ ಮರಕ್ಕೆ ಒಯ್ಯುತ್ತವೆ.

ಗ್ರಂಧಿಗೆ ಅಂಗಡಿಯವರಿಗೆ ಒಂದು ಮಾತು

'ರಾಸ್ನಾ' ಅನ್ನೋ ಒಂದೇ ಹೆಸರಲ್ಲಿ ಮೂರು ಗಿಡ ಮಾರಾಟವಾಗುತ್ತೆ. ಕೆಲವು ಕಡೆ ವಾಂಡಾ ಬೇರು, ದಕ್ಷಿಣದಲ್ಲಿ ಹೆಚ್ಚಾಗಿ ಶುಂಠಿ ಕುಟುಂಬದ ಆಲ್ಪಿನಿಯಾ ಗೆಡ್ಡೆ, ಉತ್ತರದಲ್ಲಿ ಸೂರ್ಯಕಾಂತಿ ಕುಟುಂಬದ ಪ್ಲೂಚಿಯಾ. ಭಾರತದ ಆಯುರ್ವೇದ ಫಾರ್ಮಕೋಪಿಯಾ ರಾಸ್ನಾ ಅಂತ ಒಪ್ಪಿರೋದು ಪ್ಲೂಚಿಯಾ ಲ್ಯಾನ್ಸಿಯೊಲೇಟಾವನ್ನ. ಹಾಗಾಗಿ ಸರಕು ತರಿಸುವಾಗ ಬಿಲ್ಲಿನಲ್ಲಿ ಸಸ್ಯಶಾಸ್ತ್ರದ ಹೆಸರೂ ಇರಲಿ.

ರಾಶಿಯಲ್ಲಿ ಸಿಕ್ಕಿದ ಆ ಗಿಡವನ್ನ ತೆಂಗಿನ ನಾರಿನ ಹಗ್ಗದಲ್ಲಿ ಇನ್ನೊಂದು ಮರಕ್ಕೆ ಕಟ್ಟಿದೆವು. ಹಗ್ಗ ಹಿಡಿದುಕೊಂಡಿದ್ದು ಯಜಮಾನರೇ. "ಮರ ಸೊರಗಿದ್ರೆ ನಿನ್ನೇ ಕೇಳ್ತೀನಿ" ಅಂದಿದ್ದಾರೆ. ಮುಂದಿನ ಮಳೆಗಾಲಕ್ಕೆ ಹೋಗಿ ನೋಡಬೇಕು.